ಹೆರಳಿನ ಒಡೆತನ

ತುಳಸೀವಿವಾಹವು ಮುಗಿದು ಲಗ್ನದ ಮುಹೂರ್ತಗಳು ಮೊದಲಾದುವೆಂದರೆ ನಿಪ್ಪಾಣಿ, ಚಿಕ್ಕೋಡಿ, ಅಥಣಿಗಳ ಪೇಟೆಬೀದಿಗಳಲ್ಲಿ ಹೆಂಗಸರೇ ನಡೆಸುವ ಬ್ಯೂಟಿ ಪಾರ್ಲರುಗಳಿಗೆ ಕೈತುಂಬ ಕೆಲಸ. ರಾಯಬಾಗ, ಕಾಗವಾಡಗಳ ಸುತ್ತಣ ಹಳ್ಳಿಗಳಿಂದಲೂ ವಧುವಿನ ಕಡೆಯವರು ಬಂದು, ದಿನವನ್ನು ಗೊತ್ತುಮಾಡಿಕೊಂಡು, ಮುಂಗಡ ಕೊಟ್ಟು ಹೋಗುವರು. ಹಿಂದೆ ತಾಯಿಯೋ ಅತ್ತಿಗೆಯೋ ಪಡಸಾಲೆಯಲ್ಲಿ ಕುಳ್ಳಿರಿಸಿಕೊಂಡು ಹಾಕುತ್ತಿದ್ದ ಹೆರಳು ಈಗ ವೃತ್ತಿಯವರ ಕೈಗೆ ಸಂದಿದೆ. ವಧುವಿನ ಸ್ವಂತ ಕೂದಲಿನೊಡನೆ ಕ್ಲಿಪ್ಪಿನಿಂದಲೋ ಅಂಟಿನಿಂದಲೋ ಬೇರೆಯವರ ಕೂದಲನ್ನು ಕೂಡಿಸಿ ನೀಳವಾದ ಜಡೆಯನ್ನು ಇಳಿಬಿಡುವುದು ಸಾಮಾನ್ಯವಾಗಿದೆ. ಮಹಾನಗರಗಳಲ್ಲಿ ರೂಢಿಗೆ ಬಂದಿರುವ, ಕೂದಲ ಪಟ್ಟಿಗಳನ್ನು ಸೂಜಿದಾರಗಳಿಂದ ತಲೆಯ ಹೆಣಿಗೆಗೇ ಹೊಲಿದು ತಿಂಗಳೆರಡು ತಿಂಗಳು ಧರಿಸುವ ಪದ್ಧತಿಯೂ ಮೊಬೈಲಿನ ಪರದೆಯ ಮೂಲಕ ನಮ್ಮ ತರುಣಿಯರಿಗೆ ಪರಿಚಿತವಾಗುತ್ತಿದೆ. ಇದನ್ನು ಕಂಡು ಮೂಗುಮುರಿಯುವ ಹಿರಿಯರು ಇದ್ದಾರೆ. ದುಡ್ಡು ಕೊಟ್ಟಮೇಲೆ ಕೇಳುವುದೇನೆಂದು ಅವರ ಬಾಯಿ ಮುಚ್ಚಿಸುವ ಕಿರಿಯರೂ ಇದ್ದಾರೆ. ಈ ಎರಡು ಪಕ್ಷಗಳೂ ಮುಖ್ಯವಾದ ಪ್ರಶ್ನೆಯನ್ನೇ ಬಿಟ್ಟು ವಾದಿಸುತ್ತಿವೆಯೆಂದು ನನ್ನ ನಂಬಿಕೆ. ಹೆಣ್ಣಿನ ತಲೆಯ ಕೂದಲಿಗೆ ಒಡೆಯರಾರು? ಅದರ ಒಡೆತಿ ಅವಳೇ ಎಂಬುದನ್ನು ನಾವು ಮನಃಪೂರ್ವಕವಾಗಿ ಒಪ್ಪುವುದಾದರೆ, ಕೂದಲನ್ನು ಧರಿಸುವವಳ ಆರೋಗ್ಯಕ್ಕೂ, ಕೊಡುವವಳ ಬೆಲೆಗೂ, ನಡುವೆ ಅದನ್ನು ಬಿಡಿಸಿ ಹಸನುಮಾಡುವವಳ ಕೂಲಿಗೂ ಸಮಾಜವು ಹೊಣೆಯಾಗಬೇಕಾಗುತ್ತದೆ.

ಪರರ ಕೂದಲನ್ನು ತನ್ನದಕ್ಕೆ ಸೇರಿಸಿಕೊಳ್ಳುವುದು ನಮ್ಮ ಸೀಮೆಗೆ ಹೊಸ ಸಂಗತಿಯೇನೂ ಅಲ್ಲ. ಈ ಭಾಗದ ಹಿರಿಯ ಹೆಂಗಸರ ಟ್ರಂಕಿನಲ್ಲಿ ಕುಂಕುಮದ ಕರಡಿಗೆ, ಹಣಿಗೆಗಳ ಜತೆಗೆ ಕಪ್ಪು ದಾರದಿಂದ ಬುಡವನ್ನು ಬಿಗಿದ ಒಂದು ಚೌರಿಯೂ ಇರುತ್ತಿತ್ತು. ಮರಾಠಿಯ ನೆರೆಯಿಂದಾಗಿ ಅದನ್ನು ಗಂಗಾವನವೆಂದು ಕರೆಯುವವರೂ ಉಂಟು. ಬಾಣಂತನದ ತರುವಾಯ ತೆಳುವಾದ ಹೆರಳಿಗೆ ಅದನ್ನು ಮೂರು ಕಾಲುಗಳಲ್ಲಿ ಸೇರಿಸಿ ಹೆಣೆದು, ತುದಿಗೆ ಗೊಂಡೆ ಕಟ್ಟಿಕೊಂಡು ಮದುವೆಮುಂಜಿಗಳಿಗೆ ಹೊರಡುತ್ತಿದ್ದ ಗರತಿಯರನ್ನು ಯಾರೂ ವಂಚಕಿಯರೆಂದು ಕರೆಯಲಿಲ್ಲ. ರಂಗಭೂಮಿಯಲ್ಲಂತೂ ಕೃತಕ ಕೇಶವು ಕಲೆಯ ಅಂಗವೇ ಆಗಿದ್ದಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಕಟ್ಟಿದ ನಾಟಕ ಮಂಡಳಿಯಲ್ಲಿ, ಕಾಗವಾಡದ ನೆರೆಯೂರಾದ ಮೀರಜದಲ್ಲಿ, ೧೯೦೫ರಲ್ಲಿ ಶಕುಂತಲೆಯಾಗಿ ರಂಗವನ್ನೇರಿದ ಬಾಲಗಂಧರ್ವರು ಗಂಡಸಾಗಿದ್ದೂ ಸೀರೆಯುಡುವ, ತುರುಬು ಕಟ್ಟುವ, ಹೂ ಮುಡಿಯುವ ರೀತಿಗಳಲ್ಲಿ ಒಂದು ತಲೆಮಾರಿನ ಕುಲೀನ ಸ್ತ್ರೀಯರಿಗೆ ಆದರ್ಶವಾದರು. ಗಂಡಸಿನ ತಲೆಯ ಮೇಲಣ ಕಟ್ಟುತುರುಬನ್ನು ಕಣ್ತುಂಬ ನೋಡಿ ಮೆಚ್ಚಿದ ಸಮಾಜವು ಹೆಣ್ಣಿನ ತಲೆಯ ಮೇಲಣ ಚೌರಿಯನ್ನು ಇಂದು ಹಂಗಿಸುವುದು ನ್ಯಾಯವಾಗದು.

ಕೂದಲನ್ನು ಕೂಡಿಸಿಕೊಳ್ಳುವುದರಂತೆ ಅದನ್ನು ತ್ಯಜಿಸುವುದರಲ್ಲಿಯೂ ಈ ನಾಡು ಪ್ರಸಿದ್ಧವಾದುದು. ವೇದಗಂಗಾ ದೂಧಗಂಗೆಗಳ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು, ಶೇಡಬಾಳದಲ್ಲಿ ೧೯೨೫ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರು, ಸದಲಗಾದಲ್ಲಿ ೧೯೪೬ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು, ಹೀಗೆ ದಿಗಂಬರ ಮುನಿಪರಂಪರೆಗೆ ಕಳೆದ ಶತಮಾನದಲ್ಲಿ ಹೊಸ ತೇಜಸ್ಸನ್ನು ತಂದ ಮಹನೀಯರು ಈ ನಾಲ್ಕಾರು ಹರದಾರಿಗಳ ಒಳಗಿನವರೇ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ, ಕತ್ತರಿ ಕತ್ತಿಗಳನ್ನು ಮುಟ್ಟದೆ, ತಲೆಯ ಕೂದಲನ್ನು ಕೈಯಿಂದಲೇ ಕಿತ್ತೊಗೆಯುವ ಕೇಶಲೋಚವು ಮುನಿಗಳ ೨೮ ಮೂಲಗುಣಗಳಲ್ಲಿ ಒಂದು. ಆರ್ಯಿಕೆಯರೂ ಅದನ್ನು ಆಚರಿಸುವರು. ಆ ದೃಶ್ಯವನ್ನು ಕಂಡು ಶ್ರಾವಕರು ಕೈಮುಗಿಯುವುದು ಅದರಲ್ಲಿ ಅಡಗಿರುವ ಸ್ವಂತ ಸಂಕಲ್ಪಕ್ಕೆ. ಅದೇ ಮುಂಡನವು ಸಂಕಲ್ಪವಿಲ್ಲದ ತಲೆಯ ಮೇಲೆ ಬಲಾತ್ಕಾರದಿಂದ ನಡೆದಾಗ ಕ್ರೌರ್ಯವಾಗುತ್ತದೆ. ಗಂಡ ಸತ್ತ ಬಾಲೆಯರನ್ನು ಕೂಡ ಕೆಂಪು ಸೀರೆಯುಡಿಸಿ, ತಲೆ ಬೋಳಿಸಿ, ಅಡುಗೆಮನೆಯ ಹಿಂದಣ ಕತ್ತಲೆಗೆ ನೂಕಿದ ಕಾಲವನ್ನು ನಮ್ಮ ಮನೆತನಗಳು ಮರೆಯಲಾಗದು. ೧೮೯೦ರಲ್ಲಿ, ಚಿಕ್ಕೋಡಿ ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ, ಮುಂಬಯಿಯ ಕ್ಷೌರಿಕರು ಕಾರ್ಮಿಕರ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಸಭೆ ಸೇರಿ, ವಿಧವೆಯರ ತಲೆಯನ್ನು ಇನ್ನು ತಾವು ಬೋಳಿಸುವುದಿಲ್ಲವೆಂದು ನಿಶ್ಚಯಿಸಿದರು. ಓದುಬರಹ ಬಲ್ಲ ಪಂಡಿತರು ಶಾಸ್ತ್ರಾರ್ಥದಲ್ಲಿ ಮುಳುಗಿದ್ದಾಗ ಕತ್ತಿ ಹಿಡಿದ ಕೈಗಳೇ ಧರ್ಮವನ್ನು ಕಂಡುಕೊಂಡುವು.

ಬಲಾತ್ಕಾರದ ಇನ್ನೊಂದು ರೂಪವು ನಮ್ಮಲ್ಲಿ ತೀರ ಈಚಿನವರೆಗೂ ಉಳಿದುಬಂದಿತು. ಎಣ್ಣೆ ನೀರುಗಳನ್ನು ಕಾಣದೆ, ಹೇನು ಹೊಲಸುಗಳಿಂದ ಗಂಟುಗಟ್ಟಿದ ಬಡ ಹುಡುಗಿಯ ಕೂದಲನ್ನು ಯಲ್ಲಮ್ಮನ ಕರೆಯೆಂದು ಬಗೆದು, ಅದಕ್ಕೆ ಭಂಡಾರ ಹಚ್ಚಿ, ಹಣಿಗೆ ತಾಗಿಸದೆ ಬೆಳೆಸಿ, ಕೊನೆಗೆ ಆ ಜಡೆಯ ನೆವದಿಂದ ಅವಳ ಕೊರಳಿಗೆ ಮುತ್ತು ಕಟ್ಟಿಸಿದ ಕುಟುಂಬಗಳು ಅಥಣಿ ರಾಯಬಾಗಗಳ ಸೀಮೆಯಲ್ಲಿ ಕಡಮೆಯಾಗಿರಲಿಲ್ಲ. ಸವದತ್ತಿಯ ಗುಡ್ಡಕ್ಕೂ ಕೊಕಟನೂರಿನ ಜಾತ್ರೆಗೂ ಆ ಹುಡುಗಿಯರನ್ನು ಕರೆದೊಯ್ಯಲಾಗುತ್ತಿತ್ತು. ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯದೆಯು ೧೯೮೨ರಷ್ಟು ಹಿಂದೆಯೇ ಬಂದಿತು. ಆದಾಗ್ಯೂ ಜಡೆ ಬಂದವಳ ತಲೆಗೆ ಕತ್ತರಿ ತಾಗಿಸಲು ಅಂಜುವ ಮನಸ್ಸುಗಳು ಇನ್ನೂ ಇವೆ. ಗಡಿಯ ಆಚೆಯ ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನದ ಕಾರ್ಯಕರ್ತೆಯರು ಇಂಥ ಹೆಂಗಸರ ಪಕ್ಕದಲ್ಲಿ ತಾಸುಗಟ್ಟಲೆ ಕುಳಿತು, ಭಯವನ್ನು ಮಾತಿನಿಂದಲೂ ಗಂಟನ್ನು ಕತ್ತರಿಯಿಂದಲೂ ಬಿಡಿಸುವುದುಂಟು. ಕತ್ತು ತಿರುಗಿಸಲೂ ನೋವಾಗುವಂತಿದ್ದ ಆ ಭಾರವು ಇಳಿದಾಗ ಅವಳಿಗೆ ಮರಳಿ ದೊರೆಯುವುದು ತನ್ನ ತಲೆಯ ಮೇಲಣ ಅಧಿಕಾರ. ಮುಡಿಯುವುದು, ಕಟ್ಟುವುದು, ಕತ್ತರಿಸುವುದು, ಮಾರುವುದು, ಕೊಂಡು ಕೂಡಿಸಿಕೊಳ್ಳುವುದು, ಇವೆಲ್ಲ ಆ ಒಂದೇ ಅಧಿಕಾರದ ಶಾಖೆಗಳು.

ಮಾರುವ ಶಾಖೆಯಲ್ಲಿ ಅನ್ಯಾಯವು ಮೌನವಾಗಿ, ದಿನನಿತ್ಯವೂ ನಡೆಯುತ್ತಿದೆ. ಆರೋಗ್ಯವಂತಳಾದ ಹೆಣ್ಣಿನ ತಲೆಯಿಂದ ದಿನಕ್ಕೆ ೫೦ರಿಂದ ೧೦೦ ಕೂದಲು ಸಹಜವಾಗಿಯೇ ಉದುರುತ್ತದೆ. ಹಣಿಗೆಗೆ ಬಂದ ಆ ಕೂದಲನ್ನು ತೋರುಬೆರಳಿಗೆ ಸುತ್ತಿ, ಉಂಡೆಮಾಡಿ, ಮಾಟಮದ್ದುಗಳ ಅಂಜಿಕೆಯಿಂದ ಅದರ ಮೇಲೆ ತುಸು ಉಗುಳಿ, ಗೋಡೆಯ ಸಂದಿಯಲ್ಲಿಯೋ ಜಂತಿಯ ಮೂಲೆಯಲ್ಲಿಯೋ ತುರುಕಿಡುವುದು ಹಳೆಯ ರೂಢಿ. ಈಗ ಅದೇ ಉಂಡೆಗಳು ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ತಿಂಗಳುಗಟ್ಟಲೆ ಸೇರುತ್ತವೆ. ‘ಕೂದಲಾ ಕೊಡ್ರೀ, ಭಾಂಡೇ ತಗೋರೀ’ ಎಂದು ಓಣಿಯಲ್ಲಿ ಕೂಗು ಕೇಳಿದೊಡನೆ ಮನೆಯಾಕೆ ಆ ಚೀಲವನ್ನು ತಂದು ಕೊಡುವಳು. ಪ್ರತಿಯಾಗಿ ಒಂದು ಸ್ಟೀಲಿನ ಬಟ್ಟಲೋ, ಪಿನ್ನಿನ ಪೊಟ್ಟಣವೋ, ಮಗುವಿಗೊಂದು ಪುಗ್ಗೆಯೋ ದೊರೆಯುವುದು. ಎಷ್ಟೋ ಕಡೆ ತಕ್ಕಡಿಯು ಹೊರಬರುವುದೇ ಇಲ್ಲ. ಕಣ್ಣಳತೆಯೇ ತೂಕ, ಕೊಂಡವನ ಮಾತೇ ದರ. ಕೂಗುತ್ತ ಬರುವವರೂ ಬಡವರೇ, ಅಲೆಮಾರಿ ಸಮುದಾಯಗಳಿಗೆ ಸೇರಿದವರೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ತನ್ನ ಮೈಯಿಂದಲೇ ಹುಟ್ಟಿದ ಪದಾರ್ಥಕ್ಕೆ ಲೋಕದ ಪೇಟೆಯಲ್ಲಿ ಬೆಲೆಯೆಷ್ಟೆಂಬುದನ್ನು ತಿಳಿಯುವ ಹಾದಿಯೇ ಕೊಡುವವಳಿಗೆ ಇಲ್ಲದಿರುವುದು ನನ್ನ ಆಕ್ಷೇಪಣೆಯ ತಿರುಳು.

ನಮ್ಮ ರಾಜ್ಯದಲ್ಲಿ ಈ ಉಂಡೆಗಳ ದೊಡ್ಡ ಕೇಂದ್ರವು ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರ. ನೇಕಾರಿಕೆಗೆ ಹೆಸರಾದ ಆ ಊರಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಹೆಂಗಸರು ಸಾಲಾಗಿ ನೆಲದ ಮೇಲೆ ಕುಳಿತು ಗೋಜುಗೋಜಾದ ಮುದ್ದೆಯಿಂದ ಎಳೆಯೆಳೆಯನ್ನು ಬಿಡಿಸುತ್ತಾರೆ. ಬಿಳಿಯ ಎಳೆಗಳನ್ನು ಬೇರ್ಪಡಿಸಿ, ಕಸಕಡ್ಡಿಗಳನ್ನು ಕೊಡಹಿ, ತೊಳೆದು ಒಣಗಿಸಿದ ಕೂದಲನ್ನು ಮೊನಚಾದ ಕಬ್ಬಿಣದ ಹಲ್ಲುಗಳು ಮೇಲ್ಮುಖವಾಗಿ ನಿಂತಿರುವ ಹಲಗೆಯ ಮೂಲಕ ಮತ್ತೆ ಮತ್ತೆ ಎಳೆದು, ಉದ್ದವನ್ನು ಇಂಚುಗಳಲ್ಲಿ ಅಳೆದು ಕಟ್ಟು ಕಟ್ಟುತ್ತಾರೆ. ಆ ಕೆಲಸಕ್ಕೆ ಬೇಕಾದ ಕಣ್ಣಿನ ಸೂಕ್ಷ್ಮತೆಯೂ ಬೆರಳಿನ ತಾಳ್ಮೆಯೂ ಯಾವ ಕಸೂತಿಯ ಕೆಲಸಕ್ಕೂ ಕಡಮೆಯಾದುದಲ್ಲ. ಅದರ ಧೂಳು ಮಾತ್ರ ದಿನವೂ ಶ್ವಾಸಕೋಶಕ್ಕೆ ಹೋಗುತ್ತದೆ. ಹೀಗೆ ಹಸನಾದ ಸರಕು ಹೊರದೇಶಗಳಿಗೆ ಸಾಗಿ, ಪಟ್ಟಿಯಾಗಿ, ವಿಗ್ಗಾಗಿ, ಮಿರುಗುವ ಪೊಟ್ಟಣದಲ್ಲಿ ಮರಳಿ ನಮ್ಮ ಪೇಟೆಗೂ ಬರುತ್ತದೆ. ಕಚ್ಚಾ ಕೂದಲು ಅಗ್ಗವಾಗಿ ಹೊರಹೋಗಿ ಇಲ್ಲಿಯ ಕೈಗಳಿಗೆ ಕೆಲಸವಿಲ್ಲದಂತಾಗುತ್ತಿದೆಯೆಂಬ ಕೂಗಿನ ಮೇಲೆ ಕೇಂದ್ರ ಸರ್ಕಾರವು ೨೦೨೨ರ ಜನವರಿಯಲ್ಲಿ ಅದರ ರಫ್ತಿಗೆ ನಿರ್ಬಂಧ ಹಾಕಿತು. ಆ ಕ್ರಮದ ಫಲವು ವರ್ತಕನ ಗದ್ದುಗೆಯಲ್ಲಿಯೇ ನಿಲ್ಲದೆ ಬಿಡಿಸುವವಳ ಕೂಲಿಗೂ ಕೊಡುವವಳ ಚೀಲಕ್ಕೂ ಇಳಿಯಬೇಕು.

ತಿರುಮಲದಲ್ಲಿ ಭಕ್ತರು ಹರಕೆಯಾಗಿ ಕೊಟ್ಟ ಮುಡಿಯ ಸಂಗತಿ ಬೇರೆ. ಅಲ್ಲಿ ಕೂದಲು ಬುಡದಿಂದ ತುದಿಯವರೆಗೆ ಒಂದೇ ದಿಕ್ಕಿನಲ್ಲಿ ಉಳಿಯುವುದರಿಂದ ಪೇಟೆಯಲ್ಲಿ ಅದಕ್ಕೆ ಅಗ್ರಸ್ಥಾನ. ದೇವಸ್ಥಾನವು ಅದನ್ನು ಬಹಿರಂಗ ಹರಾಜಿನಲ್ಲಿ ಮಾರಿ ಕೋಟ್ಯಂತರ ರೂಪಾಯಿ ಆದಾಯವನ್ನು ಪಡೆಯುತ್ತದೆ. ೨೦೦೪ರಲ್ಲಿ ಯೆಹೂದ್ಯರ ಹಿರಿಯ ಧರ್ಮಗುರುಗಳೊಬ್ಬರು, ಈ ಕೂದಲು ಅನ್ಯದೇವತಾರ್ಚನೆಯ ಅಂಗವಾದುದರಿಂದ ತಮ್ಮ ಸ್ತ್ರೀಯರು ಅದರ ವಿಗ್ಗುಗಳನ್ನು ಧರಿಸಬಾರದೆಂದು ತೀರ್ಪಿತ್ತಾಗ, ನ್ಯೂಯಾರ್ಕಿನ ಬ್ರೂಕ್ಲಿನ್ ಬೀದಿಗಳಲ್ಲಿ ಬೆಲೆಬಾಳುವ ವಿಗ್ಗುಗಳನ್ನು ಬೆಂಕಿಗೆ ಹಾಕಿದರು. ಅವರ ತೀರ್ಪು ಸರಿಯೋ ತಪ್ಪೋ ಎಂಬ ಜಿಜ್ಞಾಸೆ ನನಗೆ ಬೇಡ. ತಲೆಯ ಮೇಲಿರುವ ಕೂದಲು ಎಲ್ಲಿಂದ ಬಂದಿತೆಂದು ಧರಿಸುವವರು ಕೇಳಬಹುದು, ಕೇಳಿದರೆ ವ್ಯಾಪಾರವು ಉತ್ತರಿಸಲೇಬೇಕಾಗುತ್ತದೆ ಎಂಬುದು ಆ ಪ್ರಸಂಗದಿಂದ ಸಿದ್ಧವಾಯಿತು. ದೇವರ ಹೆಸರಿನಲ್ಲಿ ಕೇಳಲಾದ ಆ ಪ್ರಶ್ನೆಯನ್ನು ಕೊಟ್ಟವಳ ಹೆಸರಿನಲ್ಲಿಯೂ ಕೇಳಬಹುದು.

ಇನ್ನು ಧರಿಸುವವಳ ವಿಚಾರ. ಕೂದಲನ್ನು ಹೊಲಿದು ಕೂಡಿಸುವ ಈ ವಿದ್ಯೆಯು ಆಫ್ರಿಕಾ ಮೂಲದ ಅಮೆರಿಕನ್ ಸ್ತ್ರೀಯರ ಕೈಯಲ್ಲಿ ಬೆಳೆದುದು. ಕ್ಲೀವ್‌ಲ್ಯಾಂಡಿನ ಕ್ರಿಸ್ಟಿನಾ ಜೆಂಕಿನ್ಸ್ ಎಂಬಾಕೆ ೧೯೫೦ರ ದಶಕದ ಆರಂಭದಲ್ಲಿ ಇದಕ್ಕೆ ಪೇಟೆಂಟ್ ಪಡೆದಳು. ಮೊದಲು ಸ್ವಂತ ಕೂದಲನ್ನು ನೆತ್ತಿಗೆ ಅಂಟಿದಂತೆ ಸಣ್ಣ ಸಣ್ಣ ಜಡೆಗಳಾಗಿ ಸಾಲುಸಾಲಾಗಿ ಹೆಣೆಯುವರು. ಬೈತಲೆಯಲ್ಲಿಯೂ ಹಣೆಯಂಚಿನಲ್ಲಿಯೂ ಸ್ವಲ್ಪ ಕೂದಲನ್ನು ಮೇಲೆ ಮುಚ್ಚುವುದಕ್ಕಾಗಿ ಹೆಣೆಯದೆ ಬಿಡುವರು. ಅನಂತರ, ಅಂಚಿನಲ್ಲಿ ಹೊಲಿಗೆ ಹಾಕಿ ಪಟ್ಟಿಮಾಡಿದ ಕೂದಲನ್ನು ಬಾಗಿದ ಸೂಜಿಯಿಂದ ಆ ಜಡೆಗಳ ಅಡಿಗೆ ದಾರ ತೂರಿಸಿ, ಪ್ರತಿ ಹೊಲಿಗೆಗೂ ಕುಣಿಕೆ ಹಾಕಿ, ಕತ್ತಿನ ಕಡೆಯಿಂದ ಮೇಲಕ್ಕೆ ಸಾಲಿನ ಮೇಲೆ ಸಾಲಾಗಿ ಬಿಗಿಯುವರು. ಸೂಜಿಯು ಚರ್ಮವನ್ನು ತಾಗಬಾರದು, ದಾರವು ಜಡೆಯನ್ನಷ್ಟೇ ಹಿಡಿಯಬೇಕು. ಗುಂಗುರಾದ, ಒರಟಾದ ಕೂದಲಿನಲ್ಲಿ ಆ ಹೆಣಿಗೆಯು ತಾನಾಗಿಯೇ ಕಚ್ಚಿ ನಿಲ್ಲುತ್ತದೆ. ನಮ್ಮವರ ನುಣುಪಾದ, ನೇರವಾದ ಕೂದಲಿನಲ್ಲಿ ಅದು ಜಾರುವುದು. ಜಾರಬಾರದೆಂದು ಅನುಭವವಿಲ್ಲದ ಕೈಗಳು ಇನ್ನಷ್ಟು ಬಿಗಿಯುತ್ತವೆ. ಕೇಡು ಮೊದಲಾಗುವುದು ಅಲ್ಲಿಯೇ. ಪರದೆಯಲ್ಲಿ ಕಂಡುದನ್ನು ಹಾಗೆಯೇ ಎತ್ತಿಕೊಂಡು ಬಂದು ಎಲ್ಲ ತಲೆಗಳಿಗೂ ಅನ್ವಯಿಸುವುದು ವಿವೇಕವಲ್ಲ.

ಬೇರಿಗೆ ನಿರಂತರವಾಗಿ ಎಳೆತ ತಾಗಿದರೆ ಕೂದಲು ಉದುರುವುದೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದಿದೆ. ೧೯೦೭ರಷ್ಟು ಹಿಂದೆಯೇ ಗ್ರೀನ್‌ಲ್ಯಾಂಡಿನ ಸ್ತ್ರೀಯರ ಬಿಗಿತುರುಬಿನ ದೆಸೆಯಿಂದಾದ ಇಂಥ ಬೋಳನ್ನು ವರ್ಣಿಸಲಾಗಿತ್ತು. ಮೊದಲು ಹಣೆಯಂಚಿನಲ್ಲಿ ಸಣ್ಣ ಗುಳ್ಳೆಗಳೇಳುವುವು, ಉರಿಯಾಗುವುದು. ಬಳಿಕ ಕಣತಲೆಗಳಲ್ಲಿ ಕೂದಲು ಹಿಂಜರಿದು ಅಂಚಿನಲ್ಲಿ ಚಿಕ್ಕ ನವುರು ಎಳೆಗಳ ಸಾಲೊಂದೇ ಉಳಿಯುವುದು. ಆಗಲೇ ಎಳೆತವನ್ನು ನಿಲ್ಲಿಸಿದರೆ ಕೂದಲು ಮರಳಿ ಬರಬಹುದು; ವರ್ಷಗಟ್ಟಲೆ ಮುಂದುವರಿಸಿದರೆ ಬೇರೇ ಸತ್ತು ಆ ಜಾಗವು ಶಾಶ್ವತವಾಗಿ ಬರಿದಾಗುತ್ತದೆ. ಮೊದಲ ರಾತ್ರಿ ನಿದ್ದೆ ಬಾರದಷ್ಟು ನೋಯುವುದು ಸಹಜವೆಂದು ಯಾರಾದರೂ ಹೇಳಿದರೆ ನಂಬಬಾರದು. ನೋವು ಬಿಗಿತವು ಅತಿಯಾಯಿತೆಂಬುದರ ಸಾಕ್ಷಿ. ಹೊಲಿದ ಪಟ್ಟಿಯನ್ನು ಆರರಿಂದ ಎಂಟು ವಾರಗಳಿಗಿಂತ ಹೆಚ್ಚು ಇಡಬಾರದು. ಅಷ್ಟರಲ್ಲಿಯೂ ಹೆಣಿಗೆಯ ಸಂದುಗಳಲ್ಲಿ ನೆತ್ತಿಯನ್ನು ತೊಳೆಯುತ್ತಿರಬೇಕು. ತೊಳೆದ ಮೇಲೆ ಒಳಗಿನ ಜಡೆಗಳು ಪೂರ್ತಿ ಒಣಗುವವರೆಗೂ ಮಲಗಬಾರದು, ಏಕೆಂದರೆ ಒಳಗೇ ಉಳಿದ ತೇವವು ವಾಸನೆಗೂ ಬೂಷ್ಟಿಗೂ ಎಡೆಗೊಡುತ್ತದೆ. ತೆಗೆಯುವಾಗಲೂ ದಾರವನ್ನೇ ಕತ್ತರಿಸಬೇಕಾದುದರಿಂದ ಆ ಕೆಲಸವನ್ನು ಬಲ್ಲವರಿಂದಲೇ ಮಾಡಿಸಿ, ಮತ್ತೊಮ್ಮೆ ಹೊಲಿಸುವ ಮುನ್ನ ನೆತ್ತಿಗೆ ಕೆಲವು ವಾರಗಳ ವಿಶ್ರಾಂತಿ ಕೊಡಬೇಕು. ಕೊಳ್ಳುವ ಮೊದಲು ಕೂದಲಿನ ಜಾತಿಯನ್ನೂ ತಿಳಿಯಬೇಕು: ಹಣಿಗೆಗೆ ಬಂದ ಉಂಡೆಗಳಿಂದಾದ ಸರಕಿನಲ್ಲಿ ಬುಡ ತುದಿಗಳು ಬೆರೆತಿರುವುದರಿಂದ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಅದನ್ನು ತಡೆಯಲು ಆಮ್ಲದಿಂದ ಮೇಲ್ಪದರವನ್ನು ತೆಗೆದು ಸಿಲಿಕೋನ್ ಲೇಪಿಸುವರು, ಕೆಲವು ತೊಳೆತಗಳಲ್ಲಿ ಆ ಹೊಳಪು ಹೋಗಿ ಕೂದಲು ಮುದ್ದೆಗಟ್ಟುತ್ತದೆ. ಉತ್ತಮ ದರ್ಜೆಯ ಬೆಲೆಗೆ ಈ ಸರಕನ್ನು ಮಾರುವುದು ವಂಚನೆ.

ಇದಕ್ಕಿಂತಲೂ ಆಳವಾದ ಒಂದು ಚಿಂತೆಯಿದೆ. ಕೂದಲು ತೆಳುವಾಯಿತೆಂದು ಪಾರ್ಲರಿಗೆ ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ನಿಜವಾಗಿ ಬೇಕಾದುದು ರಕ್ತಪರೀಕ್ಷೆ. ರಕ್ತಹೀನತೆ, ಥೈರಾಯ್ಡಿನ ತೊಂದರೆ, ಹೊಟ್ಟೆಗೆ ಸಾಲದ ಊಟ, ಟೈಫಾಯ್ಡ್ ಡೆಂಗಿಗಳಂಥ ಜ್ವರಗಳು ಬಂದುಹೋದ ಎರಡು ಮೂರು ತಿಂಗಳಿಗೆ ಕಾಣಿಸುವ ಉದುರುವಿಕೆ, ಹೆರಿಗೆಯಾದ ಕೆಲವೇ ತಿಂಗಳಿಗೆ ಬಾಣಂತಿಯನ್ನು ಗಾಬರಿಪಡಿಸುವ ಉದುರುವಿಕೆ, ಇವು ಬಹುಮಟ್ಟಿಗೆ ಗುಣವಾಗತಕ್ಕವು. ಹೆಣ್ಣು ನೋಡಲು ಬಂದವರು ಹೆರಳಿನ ಉದ್ದವನ್ನು ಅಳೆಯುವ ಪದ್ಧತಿ ಇರುವವರೆಗೆ ಹುಡುಗಿಯು ಕಾಯಿಲೆಯನ್ನು ಮುಚ್ಚಿಟ್ಟು ಕೂದಲನ್ನು ಕೊಳ್ಳುತ್ತಾಳೆ. ದುರ್ಬಲವಾದ ಬೇರುಗಳ ಮೇಲೆ ಪರಭಾರವನ್ನು ಹೊರಿಸಿ ಇದ್ದುದನ್ನೂ ಕಳೆದುಕೊಳ್ಳುತ್ತಾಳೆ. ಅವಳನ್ನು ಆ ಇಕ್ಕಟ್ಟಿಗೆ ತಳ್ಳಿದ ನಾವು ಅವಳ ಅಲಂಕಾರಪ್ರಿಯತೆಯನ್ನು ದೂರುವುದು ಹೇಗೆ?

ಆದುದರಿಂದ ನನ್ನ ಸೂಚನೆಗಳು ಇವು. ಮೊದಲನೆಯದಾಗಿ, ಮನೆಬಾಗಿಲಲ್ಲಿ ಕೂದಲನ್ನು ತಕ್ಕಡಿಯಲ್ಲಿ ತೂಗಿ, ದರವನ್ನು ಹೇಳಿ, ಹಣಕ್ಕೆ ಕೊಳ್ಳುವ ಪದ್ಧತಿಯು ಬರಬೇಕು; ೨೦೦೦–೦೧ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳು ಹಳ್ಳಿಹಳ್ಳಿಯಲ್ಲಿವೆ; ಅವು ಸದಸ್ಯೆಯರ ಕೂದಲನ್ನು ಒಟ್ಟುಗೂಡಿಸಿ, ಓಣಿಯ ಸಂಗ್ರಾಹಕರನ್ನೂ ಪಾಲುದಾರರನ್ನಾಗಿ ಸೇರಿಸಿಕೊಂಡು, ಭಾಗ್ಯನಗರದಂಥ ಕೇಂದ್ರಗಳಿಗೆ ನೇರವಾಗಿ ಮಾರಲಿ; ಬಿಡಿಸಿ ಅಳೆಯುವ ಕೆಲಸವನ್ನೂ ಇಲ್ಲಿಯೇ ಕಲಿಸಿದರೆ ಬೀಡಿ ಕಟ್ಟುವ ಕೈಗಳಿಗೆ ಇನ್ನೊಂದು ದಾರಿಯಾದೀತು, ಮುಖಗವಸೂ ಗಾಳಿಯಾಡುವ ಕೋಣೆಯೂ ನ್ಯಾಯವಾದ ಕೂಲಿಯೂ ಅದರ ಜತೆಗೇ ಬರಬೇಕು. ಎರಡನೆಯದಾಗಿ, ಕೈಗಾರಿಕಾ ತರಬೇತಿ ಸಂಸ್ಥೆಗಳ ಸೌಂದರ್ಯಶಾಸ್ತ್ರದ ತರಗತಿಗಳಲ್ಲಿ ನೆತ್ತಿಯ ಆರೋಗ್ಯವು ಮುಖ್ಯ ಪಾಠವಾಗಲಿ. ಯಾವ ತಲೆಗೆ ಹೊಲಿಗೆ ಸಲ್ಲದೆಂದು ಹೇಳಿ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಬಲ್ಲವಳೇ ನಿಜವಾದ ಕುಶಲೆಯೆಂಬ ಗೌರವವು ಬೆಳೆಯಲಿ. ಮೂರನೆಯದಾಗಿ, ಮಾರುವ ಪೊಟ್ಟಣದ ಮೇಲೆ ಕೂದಲು ಕತ್ತರಿಸಿದುದೋ ಹಣಿಗೆಯದೋ, ಯಾವ ಸಂಸ್ಕಾರವನ್ನು ಪಡೆದುದು ಎಂಬುದು ಕನ್ನಡದಲ್ಲಿ ಅಚ್ಚಾಗಲಿ. ನಾಲ್ಕನೆಯದಾಗಿ, ಕೂದಲುದುರುವಿಕೆಯ ದೂರನ್ನು ತಾಲ್ಲೂಕು ಆಸ್ಪತ್ರೆಗಳೂ ಆಶಾ ಕಾರ್ಯಕರ್ತೆಯರೂ ಶೋಕಿಯೆಂದು ತಳ್ಳಿಹಾಕದೆ, ಪೋಷಣೆಯ ಸೂಚಕವೆಂದು ಪರಿಗಣಿಸಲಿ.

ಇವು ಆಗದ ಮಾತುಗಳೆಂದು ಹೇಳುವವರಿಗೆ ನಿಪ್ಪಾಣಿಯೇ ಉತ್ತರ ಕೊಡುತ್ತದೆ. ಅಲ್ಲಿಯ ತಂಬಾಕಿನ ವಖಾರಿಗಳಲ್ಲಿ ಘಾಟನ್ನೂ ಧೂಳನ್ನೂ ನುಂಗುತ್ತ, ಅಲ್ಪ ಕೂಲಿಗೆ ದುಡಿಯುತ್ತಿದ್ದ ಹೆಂಗಸರು ೧೯೮೦ರ ಆಸುಪಾಸಿನಲ್ಲಿ ಒಗ್ಗೂಡಿ ಸಂಘ ಕಟ್ಟಿದರು. ಛಾಯಾ ದಾತಾರ ಅವರು ೧೯೮೯ರಲ್ಲಿ ಅವರನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಅಕ್ಷರ ಬಾರದವರು, ಒಡೆಯರೆದುರು ತಲೆಯೆತ್ತಲಾರದವರು ಎಂದು ಊರು ಬಗೆದಿದ್ದ ಆ ಹೆಂಗಸರು ತೂಕ, ಕೂಲಿ, ಕೆಲಸದ ವೇಳೆಗಳ ಲೆಕ್ಕವನ್ನು ಎದುರು ನಿಂತು ಕೇಳಿದರು. ತಂಬಾಕಿನ ಎಲೆಯ ಲೆಕ್ಕವನ್ನು ಕೇಳಬಲ್ಲ ಊರಿಗೆ ತನ್ನ ತಲೆಯ ಕೂದಲಿನ ಲೆಕ್ಕವನ್ನು ಕೇಳುವುದು ಕಷ್ಟವಾಗಲಾರದು. ಈ ಲಗ್ನದ ಹಂಗಾಮಿನಿಂದಲೇ ಅದು ಮೊದಲಾಗಲಿ: ಕೂದಲು ಕೊಡುವವಳು ತೂಕವನ್ನು ಕೇಳಲಿ, ಕೊಳ್ಳುವವಳು ಮೂಲವನ್ನು ಕೇಳಲಿ, ಹೊಲಿಯುವವಳು ನೋವನ್ನು ಕೇಳಲಿ, ಹೆಣ್ಣು ನೋಡಲು ಹೋದವರು ಹೆರಳಿನ ಉದ್ದವನ್ನು ಕೇಳುವುದನ್ನು ಬಿಟ್ಟುಬಿಡಲಿ.